ಕಾಫಿಯ ಬಟ್ಟಲೂ ಕವಿಯ ಕೇಳುಗನೂ
(ಬುಕ್ಕಾಂಬುಧಿಯ ಕಾವ್ಯಾಸಕ್ತರ ಮುಂದೆ ಮಾಡಿದ ಭಾಷಣ)



ಅಂಬುಧಿಯೆಂದರೆ ಕಡಲು. ಬಯಲುಸೀಮೆಯ ಕೆರೆಯನ್ನು ಕಡಲೆಂದು ಕರೆದು, ಆ ಹೆಸರನ್ನೇ ಊರಿಗೂ ಉಳಿಸಿಕೊಂಡ ಜನರಿಗೆ ಕಾವ್ಯವೆಂದರೇನೆಂದು ನಾನು ಬೋಧಿಸಬೇಕಾಗಿಲ್ಲ. ಆದುದರಿಂದ ಕಾವ್ಯಲಕ್ಷಣದ ಮಾತನ್ನು ಬದಿಗಿರಿಸಿ, ಊರಿನ ಕವಿಗೆ ಒಳ್ಳೆಯ ಕೇಳುಗರು ಎಲ್ಲಿ ದೊರೆಯಬೇಕು ಎಂಬ ಒಂದೇ ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ.

ಈ ಸೀಮೆಗೆ ಕವಿಗಳ ಬರ ಎಂದೂ ಇದ್ದಿಲ್ಲ. ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಲಕ್ಷ್ಮೀಶನ ಊರು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅದರ ಮುಖಮಂಟಪದ ಬಳಿಯ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಗಮನಿಸಿರಿ, ಅಷ್ಟು ದೊಡ್ಡ ಕವಿಯ ಮಾತನ್ನು ನಮ್ಮ ಹಿರಿಯರು ಅರಮನೆಯ ಓಲೆಗರಿಗಳಲ್ಲಿ ಮಾತ್ರ ಮುಚ್ಚಿಡಲಿಲ್ಲ. ಜನರು ಬಂದು ನಿಲ್ಲುವ ಕಡೆ ಕಲ್ಲಿನಲ್ಲಿ ಕಂಡರಿಸಿದರು. ಕಾವ್ಯವು ಜನ ಸೇರುವ ಜಾಗದಲ್ಲಿರಬೇಕೆಂಬುದು ಇಲ್ಲಿನ ಹಳೆಯ ತಿಳಿವಳಿಕೆ.

ಲಕ್ಷ್ಮೀಶನು ಓದಲು ಬಾರದವರ ನಾಲಿಗೆಯ ಮೇಲೂ ನೆಲೆಸಿದ್ದು ಹೇಗೆ? ಗಮಕದಿಂದ. ಜಗಲಿಯಲ್ಲಿ ದೀಪವಿಟ್ಟು ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಕೇಳುವವರು ನಡುವೆ ತಡೆದು ಪ್ರಶ್ನೆ ಮಾಡುವರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯು ಈ ಕಲೆಯನ್ನು ಕೈಬಿಡಲಿಲ್ಲ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ನಮ್ಮ ಊರುಗಳಲ್ಲಾದರೋ ಜಗಲಿಯ ಓದು ಬಹುಮಟ್ಟಿಗೆ ನಿಂತುಹೋಗಿದೆ.

ಜಗಲಿ ಹೋದ ಮೇಲೆ ಜನ ಸೇರುವ ಜಾಗ ಯಾವುದು? ಕಾಫಿ ಹೋಟೆಲು. ಬಾಬಾ ಬುಡನ್ ಅವರು ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ತಾವೆಲ್ಲರೂ ಬಲ್ಲಿರಿ. ಆ ಬೀಜದ ಫಲವು ತೋಟದ ಧಣಿಗಳಿಗೆ ಹಣವನ್ನು ತಂದಂತೆಯೇ ಕನ್ನಡ ಕವಿತೆಗೂ ಒಂದು ನೆಲೆಯನ್ನು ತಂದಿತು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು ಸಾಹಿತಿಗಳ ಕೂಟಕ್ಕೂ ಹೆಸರಾಯಿತು. ಆ ಬೀದಿಯ ಒಡನಾಟದಿಂದಲೇ ಅಲ್ಲವೆ, ನಿಸಾರ್ ಅಹಮದರು 1960ರ ತಮ್ಮ ಮೊದಲ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟದ್ದು! ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, 1957ರಲ್ಲಿ ಬೆಂಗಳೂರಿನ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ಅಂಗಡಿಯನ್ನು ತಾವೇ ನಡೆಸಿದರು. ಮೈಸೂರಿನ ಕಾಫಿ ಹೌಸಿನಲ್ಲಿ ಗೋಪಾಲಕೃಷ್ಣ ಅಡಿಗರೊಡನೆ ಅನಂತಮೂರ್ತಿಯವರಂತಹ ಕಿರಿಯರು ಕುಳಿತು ವಾದಿಸುತ್ತಿದ್ದ ವರ್ಷಗಳೇ ನವ್ಯ ಕಾವ್ಯವು ಮೈದಳೆದ ವರ್ಷಗಳು. ಧಾರವಾಡದಲ್ಲಿ ಅದಕ್ಕೂ ಮೊದಲೇ ಬೇಂದ್ರೆಯವರ ಗೆಳೆಯರ ಗುಂಪೂ, ಆಮೇಲೆ ಮನೋಹರ ಗ್ರಂಥಮಾಲೆಯ ಅಟ್ಟವೂ ಇದೇ ಕೆಲಸವನ್ನು ಮಾಡಿದವು.

ಈ ಜಾಗಗಳ ಗುಣವೇನು? ಅಲ್ಲಿ ವೇದಿಕೆಯಿಲ್ಲ, ಅಧ್ಯಕ್ಷರಿಲ್ಲ. ಮೇಜಿನ ಆಚೆ ಕುಳಿತ ಗೆಳೆಯನು “ಈ ಸಾಲು ಸುಳ್ಳು” ಎಂದು ಮುಖಕ್ಕೇ ಹೇಳಬಹುದು. ಹೇಳಿದವನೇ ಕಾಫಿಯ ಕಾಸನ್ನು ಕೊಡಲೂಬಹುದು. ಆದರೆ ಅವುಗಳ ದೋಷವನ್ನು ಮರೆಮಾಚಲಾಗದು. ಹಳೆಯ ಕಾಫಿ ಕ್ಲಬ್ಬುಗಳಲ್ಲಿ ಜಾತಿಗೊಂದು ಪಂಕ್ತಿಯಿತ್ತು. ಕೆಲವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಸಾಹಿತಿಗಳ ಮೇಜಿನಲ್ಲಿ ಹೆಂಗಸರು ಅಪರೂಪ. ಅರ್ಧ ಊರನ್ನು ಹೊರಗಿಟ್ಟು ನಡೆಸುವ ಗೋಷ್ಠಿಯು ಊರಿನ ಗೋಷ್ಠಿಯೆನಿಸದು.

ಈಗ ಹಲವು ಕಡೆ ನಡೆಯುವ ಕವಿಗೋಷ್ಠಿಗಳನ್ನು ನೋಡಿರಿ. ವೇದಿಕೆಯ ಮೇಲೆ ಮೂವತ್ತು ಜನ, ಕೆಳಗೆ ಹತ್ತು ಜನ. ತನ್ನ ಸರದಿ ಮುಗಿದೊಡನೆ ಕವಿಯು ಬಸ್ಸಿನ ಹೊತ್ತನ್ನು ನೆನೆಯುತ್ತಾನೆ. ಅಧ್ಯಕ್ಷರು ಎಲ್ಲರನ್ನೂ ಒಂದೇ ಅಳತೆಯಲ್ಲಿ ಹೊಗಳುತ್ತಾರೆ. ಶಾಲು, ಹಾರ, ವಂದನಾರ್ಪಣೆ! ಇಲ್ಲಿ ಜಗಲಿಯ ತಾಳ್ಮೆಯೂ ಇಲ್ಲ, ಕಾಫಿಯ ಮೇಜಿನ ನಿಷ್ಠುರತೆಯೂ ಇಲ್ಲ. ಇದರಿಂದ ನಷ್ಟವಾಗುವುದು ಯಾರಿಗೆ? ನಿಜವಾದ ಶಕ್ತಿಯುಳ್ಳ ಹುಡುಗನಿಗೆ, ಹುಡುಗಿಗೆ. ಎಲ್ಲಿ ಎಡವಿದೆನೆಂದು ತಿಳಿಸುವವರಿಲ್ಲದೆ ಒಬ್ಬನು ಹತ್ತು ವರ್ಷ ಅದೇ ತಪ್ಪನ್ನು ಬರೆಯುತ್ತಾನೆ. ಕೇಳುವವರೇ ಇಲ್ಲವೆಂದು ಇನ್ನೊಬ್ಬಳು ಬರೆಯುವುದನ್ನೇ ಬಿಡುತ್ತಾಳೆ.

ಆದುದರಿಂದ ನನ್ನ ಸೂಚನೆ ಇಷ್ಟು. ತಿಂಗಳಿಗೊಂದು ಸಂಜೆ, ಊರಿನ ಹೋಟೆಲಿನಲ್ಲಿ, ವ್ಯಾಪಾರ ಕಡಿಮೆಯಿರುವ ಹೊತ್ತಿನಲ್ಲಿ ಕೂಡೋಣ. ಮೊದಲು ಲಕ್ಷ್ಮೀಶನದೋ ಕುಮಾರವ್ಯಾಸನದೋ ಕೆಲವು ಪದ್ಯಗಳನ್ನು ಗಮಕದಲ್ಲಿ ಓದಿ ಅರ್ಥ ಹೇಳಲಿ. ಅನಂತರ ಇಬ್ಬರೇ ಕವಿಗಳು, ತಲಾ ಒಂದು ಕವಿತೆ. ಪ್ರತಿಯೊಂದನ್ನೂ ಎರಡು ಸಲ ಓದಬೇಕು, ಏಕೆಂದರೆ ಮೊದಲ ಸಲ ಕಿವಿ ಕೇಳುತ್ತದೆ, ಎರಡನೆಯ ಸಲ ಮನಸ್ಸು. ಕೇಳಿದವರು ಮಾತನಾಡಿದ ಮೇಲೆಯೇ ಕವಿಯು ಉತ್ತರಿಸಬೇಕು. ಶಾಲು ಬೇಡ, ಹಾರ ಬೇಡ. ಅವರವರ ಕಾಫಿಯ ಹಣವನ್ನು ಅವರವರೇ ಕೊಡಲಿ; ಹೋಟೆಲಿನವರಿಗೂ ನಷ್ಟವಾಗಬಾರದು. ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತೆ ಹೊತ್ತನ್ನು ಗೊತ್ತುಮಾಡಬೇಕು. ಓದಿದ ಕವಿತೆಗಳ ಪ್ರತಿಯೊಂದು ಶಾಲೆಯ ಪುಸ್ತಕಭಂಡಾರದಲ್ಲಿರಲಿ.

ಹಳ್ಳಿಯ ಕೇಳುಗನಿಗೆ ವಿಮರ್ಶೆ ತಿಳಿಯುವುದೇ ಎಂದು ಕೆಲವರು ಕೇಳಿಯಾರು. ರಾಗಿಯ ಪೈರಿನ ಮುಂದೆ ನಿಂತು ಮೋಡವನ್ನು ಕಾದವನು, ಮಳೆಯ ಕವಿತೆಯಲ್ಲಿ ಯಾವ ಮಾತು ಕಂಡದ್ದು, ಯಾವುದು ಕದ್ದದ್ದು ಎಂದು ಬೇಗನೆ ಗುರುತಿಸಬಲ್ಲನು. ಛಂದಸ್ಸಿನ ಹೆಸರು ಅವನಿಗೆ ತಿಳಿಯದಿದ್ದರೆ ಉಪಾಧ್ಯಾಯರು ಹೇಳಿಕೊಡಲಿ. ಮಳೆಯ ಸುದ್ದಿಯನ್ನು ಉಪಾಧ್ಯಾಯರು ಅವನಿಂದ ಕಲಿಯಲಿ.

ಮಹನೀಯರೇ, ಕನ್ನಡವು ಬಾಳಬೇಕೆಂದು ನಾವು ಸಭೆಗಳಲ್ಲಿ ಘೋಷಿಸುತ್ತೇವೆ. ಭಾಷೆಯು ಬಾಳುವುದು ಘೋಷಣೆಯಿಂದಲ್ಲ, ಆಡುವ ಬಾಯಿಯಿಂದ, ಕೇಳುವ ಕಿವಿಯಿಂದ. ಆಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಕೇಳುವವರಾಗಿ ಮುಂದಿನ ತಿಂಗಳಿನಿಂದಲೇ ಒಂದು ಸಂಜೆಯನ್ನು ತಾವು ಮೀಸಲಿಡಬೇಕೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.