ಮೊಬೈಲ್ ಜೂಜು ಮತ್ತು ನಮ್ಮ ಮೊಹಲ್ಲಾಗಳು



ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳಿಂದ ಬಂದಿರುವ ತಮ್ಮಲ್ಲಿ ಹೆಚ್ಚಿನವರು ಹೆತ್ತವರು. ವೀಡಿಯೋ ಗೇಮ್‌ಗಳೆಲ್ಲವೂ ಹರಾಮ್ ಎಂದು ಸಾರಲು ನಾನು ಬಂದಿಲ್ಲ. ಆಟ ಬೇರೆ, ಜೂಜು ಬೇರೆ. ಕುರ್‌ಆನ್ ಮದ್ಯದ ಜೊತೆಗೆ ಸೇರಿಸಿ ನಿಷೇಧಿಸಿರುವುದು ಜೂಜನ್ನು. ಪಣವಿಟ್ಟು ಆಡುವ ರಮ್ಮಿಯನ್ನು 'ಕೌಶಲದ ಆಟ' ಎಂದು ಕರೆದೊಡನೆ ಅದರ ಸ್ವರೂಪ ಬದಲಾಗದು.

ಕಾನೂನಾದರೋ ಉಯ್ಯಾಲೆಯಾಡಿತು. ಕರ್ನಾಟಕವು 2021ರ ಅಕ್ಟೋಬರ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. 2023ರ ಅಕ್ಟೋಬರ್‌ನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ. ಜೂಜಿನಲ್ಲಿ ಸರಕಾರಕ್ಕೂ ಪಾಲು! ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ನಿಷೇಧದ ಮಸೂದೆಯನ್ನು ಅಂಗೀಕರಿಸಿತು. ಕ್ರಿಕೆಟ್ ತಂಡದ ಅಂಗಿಯ ಮೇಲೆ ಮೆರೆದಿದ್ದ ಡ್ರೀಮ್ ಇಲೆವೆನ್ ಪಣದ ಆಟವನ್ನು ನಿಲ್ಲಿಸಿತು; ಬೆಂಗಳೂರಿನ ಎಂಪಿಎಲ್ ತನ್ನ ಭಾರತೀಯ ನೌಕರರಲ್ಲಿ ಬಹುಪಾಲನ್ನು ಕೈಬಿಡಲು ಮುಂದಾಯಿತು.

ಆದರೆ ಸೋತವನ ಸಾಲವನ್ನು ಯಾವ ಕಾನೂನೂ ರದ್ದುಪಡಿಸಲಿಲ್ಲ. ಅಂಗಡಿಯ ಗಲ್ಲಾದಿಂದ ತೆಗೆದದ್ದು, ತಂಗಿಯ ಮದುವೆಗೆ ಕೂಡಿಟ್ಟದ್ದು, ಬಡ್ಡಿಗೆ ತಂದದ್ದು - ಇವನ್ನೆಲ್ಲ ಅವನು ತಂದೆಗೆ ಹೇಳಲಾರ, ಇಮಾಮರಿಗಂತೂ ಹೇಳಲಾರ. ನಾವೋ, ಕೇಳುವ ಮೊದಲೇ ಛೀಮಾರಿ ಹಾಕುವವರು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಒಬ್ಬ. ಪಾಪಕಾರ್ಯಕ್ಕಾಗಿ ಸಾಲ ಮಾಡಿದವನು ಪಶ್ಚಾತ್ತಾಪಪಟ್ಟರೆ ಅವನೂ ಅರ್ಹನೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಮುಂದಿನ ರಮಝಾನ್‌ನಲ್ಲಿ ಈ ನಾಲ್ಕೂ ತಾಲೂಕುಗಳ ಜಮಾಅತ್‌ಗಳು ಬೈತುಲ್‌ಮಾಲ್‌ನಿಂದ ಇದಕ್ಕಾಗಿ ಒಂದಿಷ್ಟು ಮೊತ್ತವನ್ನು ತೆಗೆದಿಡಲಿ. ನೆರವು ಕೇಳಿ ಬಂದವನ ಹೆಸರು ಇಬ್ಬರು ಹಿರಿಯರ ಹೊರತು ಯಾರಿಗೂ ತಿಳಿಯದಿರಲಿ.