ಎರಡು ಸ್ಯಾಕ್ಸೊಫೋನ್, ಎರಡು ಪರಂಪರೆ

ಒಂದೇ ವಾದ್ಯ ಹಿಡಿದ ಇಬ್ಬರು ಸೇರಿ ತಂಡ ಕಟ್ಟುವುದು ಜಾಝ್‌ನಲ್ಲಿ ಹಳೆಯ ರೂಢಿ. ಜೆ. ಜೆ. ಜಾನ್ಸನ್ ಮತ್ತು ಕಾಯ್ ವಿಂಡಿಂಗ್ 1954ರಲ್ಲಿ ಎರಡು ಟ್ರಂಬೋನ್‌ಗಳನ್ನು ಮುಂದಿಟ್ಟುಕೊಂಡೇ ಹೆಸರು ಮಾಡಿದರು. ಕನ್ನಡದವರಲ್ಲಿ ಅಂಥ ಜೋಡಿಯೊಂದು ಕೂಡಿಬಂದದ್ದು ಸ್ಯಾಕ್ಸೊಫೋನಿನಿಂದ: ಬಂಟ್ವಾಳ ತಾಲ್ಲೂಕಿನ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಾಂತಪ್ಪ. ಅವರ ‘ಕಿನ್ಸ್‌ಮೆನ್’ ಆಲ್ಬಮ್ಮನ್ನು ಪೈ ರೆಕಾರ್ಡಿಂಗ್ಸ್ ಸಂಸ್ಥೆ 2008ರಲ್ಲಿ ಹೊರತಂದಿತು.

ಗೋಪಾಲನಾಥರು ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನ ಮನಸ್ಸು ಮಾತ್ರ ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಸೋತಿತು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಪಾಠವಾಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರು ಕರ್ನಾಟಕ ಸಂಗೀತ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು.

ಮಹಾಂತಪ್ಪ ಕನ್ನಡ ಮೂಲದ ಮನೆತನದವರು. 1971ರಲ್ಲಿ ಇಟಲಿಯ ಟ್ರಿಯೆಸ್ತೆಯಲ್ಲಿ ಹುಟ್ಟಿ, ಕೊಲರಾಡೊದ ಬೌಲ್ಡರ್‌ನಲ್ಲಿ ಬೆಳೆದರು. ಬೋಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೈಗಿಟ್ಟ. ಕೇಳಿದ ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಆಲ್ಬಮ್ಮಿನಲ್ಲಿ ‘ಕಲ್ಯಾಣಿ’ ಎಂಬ ಹೆಸರಿನದೇ ಒಂದು ರಚನೆಯಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಕಡೆ ಹಿಂದುಸ್ತಾನಿ ಕೇಳಿ ಬೆಳೆದವರಿಗೆ ಕಲ್ಯಾಣಿ ಎಂದರೆ ಯಮನ್‌ಗೆ ತೀರ ಹತ್ತಿರದ ರಾಗ. ಅದೇ ಏಳು ಸ್ವರಗಳ ಸಾಲನ್ನು ಜಾಝ್‌ನವರು ಲಿಡಿಯನ್ ಎನ್ನುತ್ತಾರೆ. ಸ್ವರ ಒಂದೇ, ನಡೆ ಬೇರೆ. ಕರ್ನಾಟಕ ಪದ್ಧತಿಯಲ್ಲಿ ಗಾಂಧಾರ, ನಿಷಾದಗಳು ನೆಟ್ಟಗೆ ನಿಲ್ಲುವುದು ಕಡಿಮೆ, ಗಮಕದಲ್ಲಿ ತೂಗುತ್ತವೆ. ಸ್ಯಾಕ್ಸೊಫೋನಿನ ಕೀಲಿ ಒತ್ತಿದರೆ ಸ್ವರವೇನೋ ಬರುತ್ತದೆ, ಎರಡು ಸ್ವರಗಳ ನಡುವಿನ ಜಾರು ಬರುವುದಿಲ್ಲ. ಗೋಪಾಲನಾಥರು ಕೀಲಿಗಳನ್ನು ಮಾರ್ಪಡಿಸಿಕೊಂಡು, ತುಟಿಯ ಬಿಗಿತ ಮತ್ತು ಉಸಿರಿನ ಹಿಡಿತದಿಂದ ಆ ಜಾರನ್ನು ಹೊರಡಿಸಿದರು. ಮಹಾಂತಪ್ಪನವರದು ಮೊನಚಾದ, ಒರಟು ಅಂಚಿನ, ಓಟದ ವಾದನ. ವಾದ್ಯ ಒಂದೇ ಆದ್ದರಿಂದ ಈ ವ್ಯತ್ಯಾಸ ಕಿವಿಗೆ ಇನ್ನೂ ಸ್ಪಷ್ಟ. ವೀಣೆಗೆ ಪಿಯಾನೊ ಜೊತೆಯಾಗಿದ್ದರೆ ಕೇಳುಗರು ನಾದಭೇದದಲ್ಲೇ ಕಳೆದುಹೋಗುತ್ತಿದ್ದರು.

ಉಳಿದವರೂ ಪಕ್ಕವಾದ್ಯಕ್ಕೆಂದು ಬಂದು ಕುಳಿತವರಲ್ಲ. ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ ಒಂದು ಕಡೆ. ರೆಝ್ ಅಬ್ಬಾಸಿ ಅವರ ಗಿಟಾರ್, ಕಾರ್ಲೊ ಡಿ ರೋಸಾ ಅವರ ಬಾಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್ ಇನ್ನೊಂದು ಕಡೆ. ನಡುನಡುವೆ ಕೆಲವರಿಗೆ ಪುಟ್ಟ ಆಲಾಪ.

ಫ್ಯೂಜನ್ ಹೆಸರಿನಲ್ಲಿ ರಾಗದ ಕೆಳಗೆ ಡ್ರಮ್ ಬಡಿದು ಕೈತೊಳೆದುಕೊಂಡ ಆಲ್ಬಮ್‌ಗಳು ಬೇಕಾದಷ್ಟಿವೆ. ‘ಕಿನ್ಸ್‌ಮೆನ್’ ಆ ಸಾಲಿಗೆ ಸೇರದು. ಇಲ್ಲಿ ಗೋಪಾಲನಾಥರು ಜಾಝ್ ನುಡಿಸುವ ನಟನೆ ಮಾಡಲಿಲ್ಲ, ಮಹಾಂತಪ್ಪ ವಿದ್ವಾಂಸರ ವೇಷ ಹಾಕಲಿಲ್ಲ. ತಮ್ಮ ತಮ್ಮ ಪಾಠ ಬಿಡದೆ ಎದುರಿನವರ ಮಾತಿಗೆ ಕಿವಿಗೊಟ್ಟರು.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ತೀರಿಕೊಂಡರು; ಅವರ ವಾದನ ಈ ಆಲ್ಬಮ್ಮಿನಲ್ಲಿ ಉಳಿದಿದೆ. ಕೋಡ್ಲಾ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಮದುವೆ ಮೆರವಣಿಗೆಗೆ ಕ್ಲಾರಿಯೊನೆಟ್, ಸ್ಯಾಕ್ಸೊಫೋನ್ ಊದುವ ಹುಡುಗರಿಗೆ ಈ ಆಲ್ಬಮ್ ಕೇಳಿಸಬೇಕು. ಜಾತ್ರೆಯ ಸಂಗೀತ ಸಭೆಯಲ್ಲಿ ಅವರನ್ನೂ ಕೂರಿಸಿ, ಒಂದು ರಾಗವನ್ನು ಪೂರ್ತಿ ನುಡಿಸಲು ಹೊತ್ತು ಕೊಡಬೇಕು. ಊರಿನ ಸಂಘಗಳಿಗೆ ಈ ಉಪನ್ಯಾಸದ ವಿನಂತಿ ಇಷ್ಟೇ.