ಹಿತ್ತಲಿನ ಸೀಸೆಗಳು



ಶಾಸನಗಳನ್ನು ಹುಡುಕುವವರನ್ನು ನೀವು ಕಂಡಿದ್ದೀರಿ. ಹಳೆಯ ನಾಣ್ಯಗಳನ್ನು ಕೂಡಿಸುವವರನ್ನೂ ಕಂಡಿದ್ದೀರಿ. ಓಲೆಗರಿಯ ಗ್ರಂಥಗಳಿಗಾಗಿ ಮನೆಯಿಂದ ಮನೆಗೆ ಅಲೆದ ವಿದ್ವಾಂಸರ ವಿಷಯವನ್ನು ಗೌರವದಿಂದ ಕೇಳಿದ್ದೀರಿ. ಆದರೆ ಹಳೆಯ ಸೋಡಾ ಸೀಸೆಗಾಗಿ ಕಸದ ಗುಂಡಿಯನ್ನು ಅಗೆದವನ ಮಾತನ್ನು ಕೇಳುವ ಪ್ರಸಂಗ ಬಹುಶಃ ಇದೇ ಮೊದಲನೆಯದಿರಬೇಕು. ನಗು ಬಂದರೆ ದಯವಿಟ್ಟು ನಕ್ಕುಬಿಡಿ. ನನ್ನ ಮನೆಯವರು ಐವತ್ತು ವರ್ಷಗಳಿಂದ ನಗುತ್ತಲೇ ಇದ್ದಾರೆ. ಆದರೂ ಈ ಹವ್ಯಾಸ ನನಗೆ ಒಂದು ಪಾಠವನ್ನು ಕಲಿಸಿತು. ಅದನ್ನು ಕಲಿಯಲು ನಾನು ತೆತ್ತ ಬೆಲೆ ಸಣ್ಣದಲ್ಲ. ಆ ಪಾಠವನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ನಮ್ಮ ಊರು ಅಂಕೋಲೆ. ನನ್ನ ಅಜ್ಜ ಅಲ್ಲಿ ಒಂದು ಚಿಕ್ಕ ಸೋಡಾ ಅಂಗಡಿಯನ್ನು ಇಟ್ಟಿದ್ದರು. ಬಂಡಿಹಬ್ಬದ ದಿನ ಆ ಅಂಗಡಿಯ ಮುಂದೆ ನಿಲ್ಲಲು ಸ್ಥಳವಿರುತ್ತಿರಲಿಲ್ಲವಂತೆ. ಅವರು ಬಳಸುತ್ತಿದ್ದುದು ಗೋಲಿ ಸೀಸೆ. ಕಾರವಾರದ ಕಡೆಯ ಕೊಂಕಣಿಗರು ಅದನ್ನೇ ಗೋಟಿ ಸೋಡಾ ಎನ್ನುವರು. ಈ ಸೀಸೆಯನ್ನು ಲಂಡನ್ನಿನ ಹಿರಾಮ್ ಕಾಡ್ ಎಂಬಾತನು 1870ರ ದಶಕದ ಆರಂಭದಲ್ಲಿ ಕಲ್ಪಿಸಿದನು. ಅದಕ್ಕೆ ಬೆಂಡು ಬೇಡ, ಬಿರಡೆ ಬೇಡ. ಕೊರಳೊಳಗೆ ಒಂದು ಗಾಜಿನ ಗೋಲಿ. ಬಾಯಿಯ ಒಳಅಂಚಿನಲ್ಲಿ ಒಂದು ರಬ್ಬರಿನ ಬಳೆ. ನೀರನ್ನೂ ಅನಿಲವನ್ನೂ ತುಂಬಿ ಸೀಸೆಯನ್ನು ತಲೆಕೆಳಗು ಮಾಡಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ. ಬಳಿಕ ಒಳಗಿನ ಅನಿಲದ ಒತ್ತಡವೇ ಅದನ್ನು ಬಳೆಗೆ ಅಮುಕಿ ಹಿಡಿಯುತ್ತದೆ. ಒಳಗಿರುವ ಬಲವೇ ಬಾಗಿಲನ್ನು ಮುಚ್ಚುವ ಈ ಜಾಣತನವನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ. ಕುಡಿಯುವಾಗ ಗೋಲಿ ಹಿಂದಕ್ಕೆ ಉರುಳಿ ದಾರಿಯನ್ನು ಕಟ್ಟದಂತೆ ಕೊರಳಿನಲ್ಲಿ ಎರಡು ತಗ್ಗುಗಳಿರುತ್ತವೆ. ಗೋಲಿ ಅಲ್ಲಿ ನಿಲ್ಲುತ್ತದೆ. ಹುಡುಗರಿಗೆ ಮಾತ್ರ ಸೋಡಾಕ್ಕಿಂತ ಗೋಲಿಯೇ ಪ್ರಿಯ. ಅದಕ್ಕಾಗಿ ಅವರು ಒಡೆದುಹಾಕಿದ ಸೀಸೆಗಳಿಗೆ ಲೆಕ್ಕವಿಲ್ಲ. ಆ ಪಾಪದಲ್ಲಿ ನನಗೂ ಪಾಲುಂಟು.

ಇಂಥ ಸೀಸೆಗಳು ಮೊದಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದವು. ಬಾರ್ನ್‌ಸ್ಲಿ ಎಂಬ ಊರಿನ ಗಾಜಿನ ಕಾರ್ಖಾನೆಗಳು ಅವುಗಳಿಗೆ ಹೆಸರಾಗಿದ್ದವು. ದೊಡ್ಡ ನಗರಗಳ ಸೋಡಾ ವ್ಯಾಪಾರಿಗಳು ತಮ್ಮ ಹೆಸರನ್ನು ಗಾಜಿನ ಮೇಲೆ ಉಬ್ಬಕ್ಷರದಲ್ಲಿ ಹಾಕಿಸಿ ತರಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜನಂಥವರಿಗೆ ಅಷ್ಟು ಶಕ್ತಿಯೆಲ್ಲಿ? ಅವರು ಕಾರವಾರಕ್ಕೆ ಹೋಗಿ, ಮುಂಬಯಿಯ ಹಡಗಿನಲ್ಲಿ ಬಂದಿಳಿದ ಬಳಸಿದ ಸೀಸೆಗಳನ್ನು ಡಜನ್ನಿನ ಲೆಕ್ಕದಲ್ಲಿ ಕೊಂಡು ತರುತ್ತಿದ್ದರಂತೆ. ಹೀಗಾಗಿ ಅವರ ಸೋಡಾ ಕುಡಿದವರೆಲ್ಲ ಯಾರೋ ಪರಸ್ಥಳದವರ ಹೆಸರನ್ನು ಹೊತ್ತ ಸೀಸೆಯಿಂದ ಕುಡಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಊರು ಅಂಕೋಲೆ. ಸ್ವದೇಶಿಯ ಹುರುಪಿನಲ್ಲಿ ಪೈಸಾ ನಿಧಿಯ ಹಣದಿಂದ ಪುಣೆಯ ಬಳಿಯ ತಳೇಗಾಂವಿಯಲ್ಲಿ 1908ರಲ್ಲಿಯೇ ಒಂದು ಗಾಜಿನ ಕಾರ್ಖಾನೆ ಹುಟ್ಟಿದ್ದಿತು. ಆದರೂ ಅಜ್ಜನ ಅಂಗಡಿಯಲ್ಲಿ ನೀರು ಅಂಕೋಲೆಯ ಬಾವಿಯದು, ಲಿಂಬೆ ನಮ್ಮ ಹಿತ್ತಲಿನದು, ಸೀಸೆ ಮಾತ್ರ ಇಂಗ್ಲೆಂಡಿನದು. ಇದನ್ನು ಅವರು ತಾವೇ ಹೇಳಿ ನಗುತ್ತಿದ್ದರೆಂದು ಕೇಳಿದ್ದೇನೆ.

ಅಜ್ಜ ತೀರಿಕೊಂಡರು, ಅಂಗಡಿ ಮುಚ್ಚಿತು, ಉಳಿದ ಸೀಸೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅಂಗಡಿಯ ಒಂದು ಕಾಗದವಾಗಲಿ ಭಾವಚಿತ್ರವಾಗಲಿ ನಮ್ಮಲ್ಲಿ ಇಲ್ಲ.

1974ರ ಬೇಸಗೆಯಲ್ಲಿ ನಮ್ಮ ಹಿತ್ತಲಿನ ಕರಿ ಈಶಾಡು ಮಾವಿನ ಮರದ ಆಚೆ ಶೌಚಾಲಯಕ್ಕಾಗಿ ಗುಂಡಿ ತೋಡಿಸಿದೆವು. ಅದು ಹಳೆಯ ಕಸದ ಗುಂಡಿಯಿದ್ದ ಸ್ಥಳವೆಂದು ಅಗೆಯುವಾಗ ತಿಳಿಯಿತು. ಮೇಲಿನ ಪದರಿನಲ್ಲಿ ತಗಡಿನ ಚೂರುಗಳೂ 1957ರ ಒಂದು ನಯಾಪೈಸೆಯೂ ಸಿಕ್ಕವು. ಅದರ ಕೆಳಗೆ ಬೂದಿ, ಒಡೆದ ಮಂಗಳೂರು ಹೆಂಚು. ಅದಕ್ಕೂ ಕೆಳಗೆ, ಬಳಚಿನ ಚಿಪ್ಪುಗಳ ರಾಶಿಯ ನಡುವೆ, ಎರಡು ಗೋಲಿ ಸೀಸೆಗಳು. ಒಂದರ ಬಾಯಿ ಸ್ವಲ್ಪ ಮುಕ್ಕಾಗಿದ್ದಿತು, ಇನ್ನೊಂದು ಇಡಿಯಾಗಿದ್ದಿತು. ಮಣ್ಣಿನೊಳಗೆ ಅವುಗಳ ಮೈಮೇಲೆ ನವಿಲಿನ ಕೊರಳಿನಂಥ ಬಣ್ಣ ಹೊಳೆಯುತ್ತಿದ್ದಿತು.

ನಾನು ಆಗ ತರುಣ. ಆ ಎರಡನ್ನೂ ಬಾವಿಯ ಕಟ್ಟೆಗೆ ಒಯ್ದು, ಬೂದಿಯಲ್ಲಿಯೂ ತೆಂಗಿನ ನಾರಿನಲ್ಲಿಯೂ ಚೆನ್ನಾಗಿ ತಿಕ್ಕಿ, ಬಿಸಿಲಿಗೆ ಇಟ್ಟೆ. ನವಿಲಿನ ಬಣ್ಣವೂ ಹೋಯಿತು, ಮಣ್ಣೂ ಹೋಯಿತು. ಅಂದಿನಿಂದ ನನಗೆ ಸೀಸೆಯ ಹುಚ್ಚು ಹಿಡಿಯಿತು. ಕಾರವಾರದ ಗುಜರಿ ಅಂಗಡಿಗಳನ್ನು ತಿರುಗಿದೆ. ಮುಂಬಯಿಗೆ ಹೋದಾಗ ಚೋರ್ ಬಜಾರನ್ನು ಜಾಲಾಡಿದೆ. ಬಂಧುಗಳ ಅಟ್ಟದ ಮೇಲಿನ ಸೀಸೆಗಳನ್ನು ಬೇಡಿ ತಂದೆ. ಒಂದು ಗಾಜಿನ ಬೀರುವಿನಲ್ಲಿ ಎಲ್ಲವನ್ನೂ ಎತ್ತರಕ್ಕೆ ತಕ್ಕಂತೆ, ಬಣ್ಣಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿದೆ. ನೋಡಿದವರು ಮೆಚ್ಚಿದರು. ನಾನು ಬೀಗಿದೆ.

ಹತ್ತು ವರ್ಷಗಳಾದ ಮೇಲೆ ನನ್ನ ಸೋದರತ್ತೆ ಮನೆಗೆ ಬಂದರು. ಅಜ್ಜನ ಹಿರಿಯ ಮಗಳು ಅವರು. ಹುಡುಗಿಯಾಗಿದ್ದಾಗ ದಿನವೂ ಅಂಗಡಿಯ ಸೀಸೆಗಳನ್ನು ತೊಳೆಯುವ ಕೆಲಸ ಅವರದಾಗಿದ್ದಿತು. ಬೀರುವಿನ ಮುಂದೆ ಬಹಳ ಹೊತ್ತು ನಿಂತರು. ಬಳಿಕ, "ತಮ್ಮಾ, ಇವುಗಳಲ್ಲಿ ನಾನು ತೊಳೆದದ್ದು ಯಾವುದು?" ಎಂದು ಕೇಳಿದರು.

ನಾನು ಬೀರುವನ್ನು ತೆರೆದೆ. ಒಂದೇ ಅಚ್ಚಿನ, ಒಂದೇ ಹಸಿರು ಛಾಯೆಯ ಏಳು ಗೋಲಿ ಸೀಸೆಗಳಿದ್ದವು. ಮೂರರ ಬಾಯಿ ಮುಕ್ಕಾಗಿದ್ದಿತು. ಹಿತ್ತಲಿನಲ್ಲಿ ಸಿಕ್ಕಿದವು ಯಾವುವು, ಚೋರ್ ಬಜಾರಿನಲ್ಲಿ ಕೊಂಡವು ಯಾವುವು? ನನಗೆ ತಿಳಿಯಲಿಲ್ಲ. ಒಂದನ್ನು ಎತ್ತಿಕೊಂಡೆ, ಇಟ್ಟೆ, ಇನ್ನೊಂದನ್ನು ಎತ್ತಿಕೊಂಡೆ. "ಇದಿರಬಹುದು, ಅತ್ತೆ" ಎಂದೆ. ಅವರು ಅದನ್ನು ಕೈಯಲ್ಲಿ ಹಿಡಿದು, ನನ್ನ ಮುಖವನ್ನು ನೋಡಿ, "ಇರಲಿ ಬಿಡು" ಎಂದು ಹಿಂದಕ್ಕೆ ಕೊಟ್ಟರು. ಅವರು ಮತ್ತೆ ಆ ಮಾತನ್ನು ಎತ್ತಲಿಲ್ಲ. ಈಗ ಅವರೂ ಇಲ್ಲ.

ಮಹನೀಯರೇ, ಅಜ್ಜನ ಅಂಗಡಿಗೆ ಸಾಕ್ಷಿಯಾಗಿ ಈ ಭೂಮಿಯ ಮೇಲೆ ಉಳಿದಿದ್ದುದು ಆ ಎರಡು ಸೀಸೆಗಳು ಮಾತ್ರ. ಅವುಗಳ ಮೇಲೆ ಅಜ್ಜನ ಹೆಸರು ಇರಲಿಲ್ಲ. ಅವು ಅಜ್ಜನವು ಎಂದು ಹೇಳುತ್ತಿದ್ದುದು ಅವು ಬಿದ್ದಿದ್ದ ಸ್ಥಳ ಒಂದೇ. ಆ ಸ್ಥಳದ ಮಾತನ್ನು ನಾನು ಬಾವಿಯ ಕಟ್ಟೆಯ ಮೇಲೆ ತೊಳೆದುಬಿಟ್ಟೆ. ಇದೇ ನಾನು ಹೇಳಿದ ಪಾಠ. ಸೀಸೆಗೆ ಬೆಲೆ ಬರುವುದು ಅದರ ಅಂದದಿಂದಲ್ಲ, ಅಪರೂಪದಿಂದಲೂ ಅಲ್ಲ. ಅದು ಎಲ್ಲಿ, ಯಾವುದರ ಜತೆಗೆ ಸಿಕ್ಕಿತೆಂಬ ತಿಳಿವಿನಿಂದ.

ಸ್ಥಳ ಹೇಗೆ ಮಾತನಾಡುತ್ತದೆಂಬುದಕ್ಕೆ ಕೆಲವು ದೃಷ್ಟಾಂತಗಳನ್ನು ಕೊಡುತ್ತೇನೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಆದುದರಿಂದ ಕದಡದ ಮಣ್ಣಿನಲ್ಲಿ ಮಂಗಳೂರು ಹೆಂಚಿನ ಚೂರಿನ ಜತೆಗೆ ಬಿದ್ದಿರುವ ಸೀಸೆ ಅದಕ್ಕಿಂತ ಮೊದಲು ಹುಗಿದದ್ದಾಗಲಾರದು. ಇಸವಿಯುಳ್ಳ ಒಂದು ಕಾಲಾಣೆ ಸಿಕ್ಕರೆ ಕಾಲದ ಎಲ್ಲೆ ಇನ್ನೂ ಬಿಗಿಯಾಗುತ್ತದೆ. ಊರಿನ ಚರಿತ್ರೆಯೂ ಹೀಗೆಯೇ ನೆರವಾಗುತ್ತದೆ. 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವರ್ತಕರು ಕೋಠಿ ಹೂಡಿದ ಕಾಲದ ಹಳೆಯ ಕಾರವಾರ ಕಾಳೀ ನದಿಯ ದಂಡೆಯಲ್ಲಿ, ಈಗಿನ ಪಟ್ಟಣಕ್ಕೆ ಕೆಲವು ಮೈಲಿ ಪೂರ್ವದಲ್ಲಿದ್ದಿತು. ಈಗಿನ ಪಟ್ಟಣ ಬೆಳೆದುದು, 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯಸ್ಥಳವಾದ ಮೇಲೆ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿದ್ದಿತು; ಧಾರವಾಡ ಸೀಮೆಯ ಹತ್ತಿಗೆ ಕಾರವಾರವೇ ಬಂದರಾಗುವುದೆಂದು ದೊಡ್ಡ ಆಸೆಯಿದ್ದಿತು. 1880ರ ದಶಕದಲ್ಲಿ ರೈಲು ಮರ್ಮಗೋವೆಗೆ ಹೋಯಿತು. ಹತ್ತಿಯೂ ಅತ್ತಲೇ ಹೋಯಿತು. ಈ ಏರಿಳಿತವನ್ನು ಅರಿತವನಿಗೆ ಹಳೆಯ ಕಾರವಾರದ ಸೀಸೆ ಬೇರೆ, ಹೊಸ ಪಟ್ಟಣದ ಸೀಸೆ ಬೇರೆ.

ಇನ್ನೊಂದು ದೃಷ್ಟಾಂತ. ಗೋವೆಯ ಮದ್ಯದ ಸೀಸೆಯೊಂದು ಗೋವೆಯಲ್ಲಿ ಸಿಕ್ಕರೆ ಅದರಲ್ಲೇನೂ ವಿಶೇಷವಿಲ್ಲ. ಉತ್ತರ ಕನ್ನಡವು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದಿತು. ಮುಂಬಯಿಯಲ್ಲಿ 1949ರ ಪಾನನಿಷೇಧ ಕಾಯಿದೆ ಜಾರಿಯಲ್ಲಿದ್ದಿತು. ಗಡಿಯಾಚೆಯ ಗೋವೆ 1961ರವರೆಗೆ ಪೋರ್ತುಗೀಸರ ಆಳಿಕೆಯಲ್ಲಿದ್ದಿತು. ಅದೇ ಸೀಸೆ ಆ ವರ್ಷಗಳ ಮಣ್ಣಿನಲ್ಲಿ ಅಂಕೋಲೆಯ ಹಿತ್ತಲಿನಲ್ಲಿ ಸಿಕ್ಕಿತೆಂದರೆ, ಅದು ಬೀರುವಿನ ಅಲಂಕಾರವಲ್ಲ, ಒಂದು ಪ್ರಶ್ನೆ.

ಸೀಸೆಯ ಮೈಯನ್ನು ಓದುವ ಕ್ರಮವೂ ಉಂಟು. ಮರಳಿನಲ್ಲಿಯ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಎರಡು ಭಾಗದ ಅಚ್ಚಿನಲ್ಲಿ ಊದಿ, ಬಾಯಿಯನ್ನು ಕೈಯಿಂದ ತಿದ್ದಿದ ಸೀಸೆಯಲ್ಲಿ ಅಚ್ಚಿನ ಗೆರೆ ಬಾಯಿಯವರೆಗೆ ಮುಟ್ಟದೆ ಕೆಳಗೇ ನಿಲ್ಲುತ್ತದೆ. ಅಮೆರಿಕದ ಓವೆನ್ಸ್ ಎಂಬಾತನು 1903ರಲ್ಲಿ ನಿರ್ಮಿಸಿದ ಸ್ವಯಂಚಾಲಿತ ಯಂತ್ರದ ಬಳಿಕ ಬಂದ ಯಂತ್ರದ ಸೀಸೆಗಳಲ್ಲಿ ಗೆರೆ ಬಾಯಿಯ ಅಂಚಿನವರೆಗೂ ಹತ್ತುತ್ತದೆ. ಆದರೆ ಗೋಲಿ ಸೀಸೆಗೆ ಈ ಪರೀಕ್ಷೆ ಸಲ್ಲದು. ಗೋಲಿಯನ್ನು ಒಳಗೆ ಹಾಕಿದ ಮೇಲೆಯೇ ಬಾಯಿಯನ್ನು ತಿದ್ದಿ ಕಿರಿದುಮಾಡುವುದರಿಂದ ಗೆರೆ ಅಲ್ಲಿ ಅಳಿದಿರುತ್ತದೆ. ಮತ್ತೂ ಒಂದು ಎಚ್ಚರ: ನಮ್ಮ ಜನ ಸೀಸೆಯನ್ನು ಬೇಗ ಎಸೆಯುವವರಲ್ಲ. ಸೋಡಾ ಸೀಸೆ ಹತ್ತಾರು ವರ್ಷ ಕೈಯಿಂದ ಕೈಗೆ ಹೋದೀತು. ಬೆಂಡಿನ ಸೀಸೆ ಮೊದಲು ಔಷಧಕ್ಕೆ, ಬಳಿಕ ಜೇನಿಗೆ, ಕೊನೆಗೆ ಸೀಮೆಎಣ್ಣೆಗೆ ಆದೀತು. ಹುಟ್ಟಿದ ಕಾಲ ಬೇರೆ, ಮಣ್ಣಿಗೆ ಸೇರಿದ ಕಾಲ ಬೇರೆ. ಮೊದಲನೆಯದನ್ನು ಗಾಜು ಹೇಳುತ್ತದೆ. ಎರಡನೆಯದನ್ನು ಮಣ್ಣೊಂದೇ ಹೇಳಬಲ್ಲದು. ನಾನು ಬೂದಿಯಲ್ಲಿ ತಿಕ್ಕಿ ಕಳೆದ ನವಿಲಿನ ಬಣ್ಣವೂ ಮಣ್ಣಿನ ಬರಹವೇ. ಕರಾವಳಿಯ ಮಳೆನೀರು ವರ್ಷವರ್ಷವೂ ಗಾಜಿನೊಳಗಿನ ಕ್ಷಾರವನ್ನು ಕರಗಿಸಿ ಒಯ್ದು, ಮೇಲೆ ತೆಳುವಾದ ಪೊರೆಗಳನ್ನು ಉಳಿಸುತ್ತದೆ. ಬೆಳಕು ಅವುಗಳಲ್ಲಿ ಒಡೆದು ಬಣ್ಣವಾಗುತ್ತದೆ. ಆದುದರಿಂದ ಸಿಕ್ಕ ಸೀಸೆಯನ್ನು ತಿಕ್ಕಬೇಡಿ. ಬರಿಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದರೆ ಸಾಕು.

ಹಾಗಾದರೆ ಗುದ್ದಲಿ ಹಿಡಿದು ಹೊರಡೋಣವೇ ಎಂದು ಕೇಳುವಿರಿ. ಬೇಡ ಎನ್ನುವವರಲ್ಲಿ ನಾನೇ ಮೊದಲಿಗ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ ದುಃಖವನ್ನು ನಾಡು ಮರೆತಿಲ್ಲ. ಕಡಿದು ನಿಲ್ಲಿಸಿದ ಗುಡ್ಡದ ಬುಡದಲ್ಲಿ ಸೀಸೆಗಾಗಿ ಕೆದಕುವುದು ಹುಚ್ಚುತನ. ಸಂರಕ್ಷಿತ ಸ್ಮಾರಕಗಳ ನೆಲವನ್ನು ಅಗೆಯುವುದನ್ನು 1958ರ ಕಾಯಿದೆ ನಿಷೇಧಿಸಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತು 1972ರ ಕಾಯಿದೆಯ ಪುರಾವಸ್ತುವಿನ ವ್ಯಾಖ್ಯೆಯೊಳಗೆ ಬರಬಹುದು. ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಿಧಿಯೆನ್ನಬಹುದಾದುದು ನೆಲದಲ್ಲಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ.

ನಾವಾಗಿ ಅಗೆಯಬೇಕಾದ ಅವಶ್ಯಕತೆಯೂ ಇಲ್ಲ. ನಮ್ಮ ಕರಾವಳಿಯನ್ನು ಬೇರೆಯವರು ಅಗೆಯುತ್ತಲೇ ಇದ್ದಾರೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗಕ್ಕಾಗಿ ನೆಲ ತೆರೆಯಿತು; ಹೆದ್ದಾರಿಯ ಅಗಲೀಕರಣಕ್ಕಾಗಿ ತೆರೆಯಿತು. ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲ್ಲೂಕುಗಳ ಊರುಗಳ ಜನ ಮನೆಗಳನ್ನೂ ಹಿತ್ತಲುಗಳನ್ನೂ ಬಿಟ್ಟುಬಂದರು. ಮನೆ ಕಟ್ಟುವವರು, ಬಾವಿ ತೋಡುವವರು, ತೆಂಗಿನ ಗುಂಡಿ ತೆಗೆಯುವವರು ಸೀಸೆಗಳನ್ನು ಕಾಣುತ್ತಾರೆ, ಗುಜರಿಗೆ ಕೊಡುತ್ತಾರೆ. ಗುಜರಿಯಿಂದ ಅವು ಕುಲುಮೆಗೆ ಹೋಗುತ್ತವೆ. ಈ ನಡುವೆ ನಾವು ಮಾಡಬೇಕಾದುದು ಇಷ್ಟೆ. ಸೀಸೆಯನ್ನು ಎತ್ತುವ ಮೊದಲು ಒಂದು ಚೀಟಿ ಬರೆಯಿರಿ: ಯಾವ ಊರು, ಯಾರ ಹಿತ್ತಲು, ಎಷ್ಟು ಮೊಳ ಆಳ, ಜತೆಗೆ ಏನೇನಿದ್ದಿತು, ಯಾವ ದಿನ. ಅದೇ ಅಂಕಿಯನ್ನು ಸೀಸೆಯ ಕೊರಳಿಗೆ ದಾರದಲ್ಲಿ ಕಟ್ಟಿ. ಮನೆಯ ಹಿರಿಯರನ್ನು ಕರೆದು ತೋರಿಸಿ, ಅವರು ಹೇಳಿದ್ದನ್ನೂ ಬರೆದಿಡಿ. ಒಂದಾಣೆಯ ಖರ್ಚೂ ಇಲ್ಲದ ಈ ಕೆಲಸವನ್ನು ನಾನು 1974ರಲ್ಲಿ ಮಾಡಲಿಲ್ಲ.

ನಮ್ಮ ಹಿತ್ತಲಿನ ಗುಂಡಿಯನ್ನು ಅಂದು ಪೂರ್ತಿ ತೋಡಿರಲಿಲ್ಲ. ಮಾವಿನ ಬೇರು ಅಡ್ಡಬಂದುದರಿಂದ ಅರ್ಧಕ್ಕೆ ನಿಲ್ಲಿಸಿದೆವು. ಉಳಿದರ್ಧ ಈಗಲೂ ಆ ಮರದ ಕೆಳಗೆ ಹಾಗೆಯೇ ಇದೆ. ಅದರಲ್ಲಿ ಅತ್ತೆಯವರು ತೊಳೆದ ಇನ್ನೊಂದು ಸೀಸೆ ಇದ್ದೀತು, ಇಲ್ಲದೆಯೂ ಇದ್ದೀತು. ನಾನು ಅದನ್ನು ಅಗೆಯಲು ಹೋಗಿಲ್ಲ. ಎಂದಾದರೂ ಮರ ಬಿದ್ದು, ನಮ್ಮ ಮನೆಯ ಮಕ್ಕಳು ಆ ಮಣ್ಣನ್ನು ತೆಗೆಯುವಂತಾದರೆ, ಗುದ್ದಲಿಗಿಂತ ಮೊದಲು ಅವರ ಕೈಯಲ್ಲಿ ಸೀಸದ ಕಡ್ಡಿ ಇರಲೆಂದು ಬೀರುವಿನೊಳಗೆ ಒಂದು ಚೀಟಿಯನ್ನು ಬರೆದಿಟ್ಟಿದ್ದೇನೆ.